ಆಮೆ ಸಾಕುವವರು ಮೊದಲು ದಡ ಕಟ್ಟಿ

ಅಂಗೈಯಲ್ಲಿ ಹಿಡಿಸುವ ಆಮೆಮರಿಯನ್ನು ಮನೆಗೆ ತರಬೇಕೆಂದಿರುವವರು ಸಾಮಾನ್ಯವಾಗಿ ಕೇಳುವುದು ನೀರಿನ ವಿಷಯವನ್ನು. ಅದು ಮೈ ಒಣಗಿಸಿಕೊಳ್ಳಲು ಎಲ್ಲಿ ಕೂರುತ್ತದೆ ಎಂದು ಕೇಳುವವರು ಕಡಿಮೆ. ಆಮೆ ಸೊರಗುವುದು ಹೆಚ್ಚಾಗಿ ಈ ಮರೆವಿನಿಂದಲೇ.

ತರುವ ಮೊದಲು ಜಾತಿ ಯಾವುದೆಂದು ತಿಳಿದುಕೊಳ್ಳಿ. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ರೆಡ್ ಇಯರ್ಡ್ ಸ್ಲೈಡರ್ ಹುಟ್ಟುವಾಗ ಮೂರು ಸೆಂಟಿಮೀಟರ್‌ನಷ್ಟೇ ಇರುತ್ತದೆ. ಹೆಣ್ಣಾದರೆ 25ರಿಂದ 30 ಸೆಂಟಿಮೀಟರ್‌ವರೆಗೂ ಬೆಳೆದೀತು, ಮೂವತ್ತು ವರ್ಷ ಬದುಕೀತು. ಬೆಳೆದ ಮೇಲೂ ಚಿಕ್ಕದಾಗಿಯೇ ಇರಬೇಕೆಂದರೆ 8ರಿಂದ 13 ಸೆಂಟಿಮೀಟರ್‌ ಇರುವ ಮಸ್ಕ್ ಆಮೆ ಸೂಕ್ತ. ನೀವಿರುವ ಕಡೆ ಯಾವ ಜಾತಿಯನ್ನು ಸಾಕಲು ಕಾನೂನಿನ ಅನುಮತಿ ಇದೆ ಎಂಬುದನ್ನೂ ಮೊದಲೇ ವಿಚಾರಿಸಿ. ಸಾಕಲಾಗದೆ ಕೆರೆಗೆ ಬಿಡುವ ಯೋಚನೆಯಂತೂ ಬೇಡವೇ ಬೇಡ. ಹೀಗೆ ಬಿಟ್ಟ ಸ್ಲೈಡರ್‌ಗಳು ಹಲವು ದೇಶಗಳಲ್ಲಿ ಸ್ಥಳೀಯ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿಗಿಳಿದಿವೆ.

ಗಾಜಿನ ತೊಟ್ಟಿಯ ಅಳತೆಗೆ ಒಂದು ಸುಲಭ ಲೆಕ್ಕವಿದೆ: ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರ್‌ಗೆ ಸುಮಾರು 15 ಲೀಟರ್. ಹತ್ತು ಸೆಂಟಿಮೀಟರ್ ಆಮೆಗೆ 150 ಲೀಟರ್ ಬೇಕಾಯಿತು. ನೀರಿನ ಆಳ ಚಿಪ್ಪಿನ ಉದ್ದದ ಒಂದೂವರೆ ಪಟ್ಟಾದರೂ ಇರಲಿ.

ಇನ್ನು ದಡ. ಆಮೆ ಪೂರ್ತಿಯಾಗಿ ನೀರಿನಿಂದ ಮೇಲೇರಿ ಒಣಗುವಷ್ಟು ಅಗಲವಾದ, ಕಾಲು ಜಾರದ ಹಲಗೆಯೋ ಕಲ್ಲೋ ಇರಬೇಕು, ಹತ್ತಲು ಇಳಿಜಾರೂ ಬೇಕು. ಅದರ ಮೇಲೆ ಎರಡು ದೀಪ: ಒಂದು ಶಾಖಕ್ಕೆ, ಇನ್ನೊಂದು ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣಕ್ಕೆ. ದಡದ ಶಾಖ 30ರಿಂದ 35 ಡಿಗ್ರಿ ಸೆಲ್ಸಿಯಸ್ ಇರಲಿ. ಅಂದಾಜು ಸಾಲದು, ಥರ್ಮಾಮೀಟರ್ ಇಟ್ಟು ನೋಡಿ. ಯುವಿಬಿ ಇಲ್ಲದಿದ್ದರೆ ಆಮೆಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಉಪಯೋಗವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ದೀಪ ಉರಿಯುತ್ತಿದ್ದರೂ ಅದರ ಯುವಿಬಿ ಕ್ರಮೇಣ ಕ್ಷೀಣಿಸುವುದರಿಂದ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಹಗಲು ಹತ್ತು-ಹನ್ನೆರಡು ಗಂಟೆ ಉರಿಸಿ, ರಾತ್ರಿ ಆರಿಸಿ. ಎಲ್ಲ ಸರಿಹೊಂದಿದೆಯೇ ಎಂದು ಆಮೆಯೇ ಹೇಳುತ್ತದೆ. ದಡದ ಮೇಲೆ ಕುತ್ತಿಗೆ ಉದ್ದ ಮಾಡಿ, ಹಿಂಗಾಲೆರಡನ್ನೂ ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಚರ್ಮವನ್ನು ಬೀಸಣಿಗೆಯಂತೆ ಬಿಡಿಸಿ ಮಲಗಿದರೆ ಅದಕ್ಕೆ ಹಿತವಾಗಿದೆ ಎಂದರ್ಥ. ನನಗಂತೂ ಎಷ್ಟು ನೋಡಿದರೂ ಸಾಲದ ದೃಶ್ಯವದು.

ನೀರು 24ರಿಂದ 26 ಡಿಗ್ರಿ, ಮರಿಗಳಿಗೆ ತುಸು ಹೆಚ್ಚು. ಆಮೆ ನೀರಿನಲ್ಲೇ ತಿಂದು ನೀರಿನಲ್ಲೇ ವಿಸರ್ಜಿಸುವುದರಿಂದ ಮೀನಿನ ತೊಟ್ಟಿಯ ಫಿಲ್ಟರ್ ಸಾಲುವುದಿಲ್ಲ. ತೊಟ್ಟಿಯ ನೀರಿಗಿಂತ ಎರಡು-ಮೂರು ಪಟ್ಟು ಸಾಮರ್ಥ್ಯದ್ದನ್ನು ಕೊಳ್ಳಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ ಹಾಕಿ. ತಳಕ್ಕೆ ಸಣ್ಣ ಕಲ್ಲು ಹರಡಬೇಡಿ, ಆಮೆ ನುಂಗಿಬಿಡುತ್ತದೆ.

ಮರಿಗಳಿಗೆ ದಿನವೂ, ಬೆಳೆದವಕ್ಕೆ ದಿನ ಬಿಟ್ಟು ದಿನ ಆಹಾರ ಕೊಟ್ಟರೆ ಸಾಕು. ಆಮೆಯ ತಲೆಯ ಗಾತ್ರದಷ್ಟು ಪೆಲೆಟ್ (ಆಮೆಗೆಂದೇ ಮಾಡಿದ ಒಣ ಆಹಾರದ ಗುಳಿಗೆ) ಒಂದು ಹೊತ್ತಿನ ಅಳತೆ. ಸ್ಲೈಡರ್ ಬೆಳೆದಂತೆ ಸೊಪ್ಪು, ನೀರಿನ ಗಿಡಗಳ ಪಾಲು ಹೆಚ್ಚಲಿ. ಕ್ಯಾಲ್ಸಿಯಂಗೆ ಕಟಲ್‌ಫಿಶ್ ಎಂಬ ಕಡಲಜೀವಿಯ ಮೂಳೆಯ ಒಂದು ತುಂಡನ್ನು ನೀರಿನಲ್ಲಿ ತೇಲಿಬಿಡಿ, ಬೇಕಾದಾಗ ಕಚ್ಚಿಕೊಳ್ಳುತ್ತದೆ. ಗಾಜಿನ ಬಳಿ ಯಾರೇ ಸುಳಿದರೂ ಕಾಲು ಬಡಿದು ಬೇಡುವುದು ಅದರ ಸ್ವಭಾವ. ಮನಸ್ಸು ಕರಗಿ ಮತ್ತೆ ತಿನಿಸು ಹಾಕಬೇಡಿ.

ಊದಿದ ಕಣ್ಣು, ಮೂಗಿನಿಂದ ಹೊರಡುವ ಗಾಳಿಗುಳ್ಳೆ, ಒಂದು ಬದಿಗೆ ವಾಲಿ ಈಜುವುದು ಕಂಡರೆ ಕಾಯದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ವಾಲುವುದು ಶ್ವಾಸಕೋಶದ ಸೋಂಕಿನ ಲಕ್ಷಣವಿರಬಹುದು.

ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಾದರೆ, ಆ ಮಕ್ಕಳು ದೊಡ್ಡವರಾಗುವವರೆಗೆ ಆಮೆ ತರುವುದನ್ನೇ ಮುಂದೂಡಿ.