ಸಾಂ-ಜಾಂ ಬೀದಿಯ ಹಳೇ ಮನೆಗೆ ಬರುವವರಿಗೆ

ಫ್ರಾನ್ಸಿನ ಲಿಯೋನ್‌ಗೆ ಬಂದು, ಹಳೇ ಊರಿನ ಸಾಂ-ಜಾಂ ಬೀದಿಯ ಆಸುಪಾಸಿನಲ್ಲಿ ಮನೆ ಹಿಡಿಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬಾಡಿಗೆ ಕರಾರು, ಮನೆ ವಿಮೆ, ಬ್ಯಾಂಕ್ ಖಾತೆ ಎಲ್ಲ ಬೇಗ ಮುಗಿಸಿಬಿಡಿ. ನಾನು ಹೇಳಬೇಕಿರುವುದು ಗೋಡೆಯ ವಿಷಯ.

ಬಂದ ವರ್ಷ ಯುಗಾದಿಗೆ ತೋರಣ ಕಟ್ಟಲೇಬೇಕು ಅನ್ನಿಸಿತು. ಮಾವಿನೆಲೆ ಎಲ್ಲಿ ಸಿಗಬೇಕು? ಊರಿಂದ ತಂದ ಬಟ್ಟೆಯ ತೋರಣ ಇತ್ತು. ಯಾರನ್ನೂ ಕೇಳದೆ ಬಾಗಿಲಿನ ಕಲ್ಲಿನ ಚೌಕಟ್ಟಿಗೆ ಮೊಳೆ ಹೊಡೆದೆ. ಅಂಗೈಯಗಲದ ಚಕ್ಕೆ ಎದ್ದು ಬಿತ್ತು. ಸದ್ದು ಕೇಳಿ ಎದುರುಮನೆಯ ಅಜ್ಜಿ ಬಂದರು. ಬೈಯಲಿಲ್ಲ. ಒಡೆದ ಜಾಗವನ್ನು ಬೆರಳಿಂದ ಸವರಿದರು. ಚಕ್ಕೆ ಎತ್ತಿ ನನ್ನ ಕೈಗಿಟ್ಟು ಒಳಗೆ ಹೋದರು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಇಲ್ಲಿನ ಬಹಳಷ್ಟು ಮನೆಗಳು 15ರಿಂದ 17ನೇ ಶತಮಾನದವು. ಜಾತ್ರೆಯ ವ್ಯಾಪಾರ, ಲೇವಾದೇವಿ, ರೇಷ್ಮೆಯ ದುಡ್ಡಲ್ಲಿ ಎದ್ದವು. ಬೀದಿಗೆ ಮುಖ ಕಿರಿದು, ಒಳಗೆ ಉದ್ದ. ನಡುವೆ ಅಂಗಳ, ಅದರ ಪಕ್ಕ ಸುರುಳಿ ಮೆಟ್ಟಿಲಿನ ಗೋಪುರ, ಕಮಾನಿನ ಮೊಗಸಾಲೆಗಳು, ಹಿಂದೆ ಇನ್ನೊಂದು ಮನೆ. ಬೀದಿಗಳು ಸೋನ್ ನದಿಯ ಗುಂಟ ಸಾಗುತ್ತವೆ, ಅಡ್ಡದಾರಿ ಕಡಿಮೆ. ಹಾಗಾಗಿ ಮನೆಗಳ ಒಳಗಿಂದಲೇ ದಾರಿ ಬಿಟ್ಟರು. ಅದಕ್ಕೆ ತ್ರಾಬೂಲ್ ಅಂತಾರೆ. ಸಾಂ-ಜಾಂ ಬೀದಿಯ 54ನೇ ನಂಬರಿನ ಬಾಗಿಲು ಹೊಕ್ಕರೆ ಬಫ್ ಬೀದಿಯ 27ರಲ್ಲಿ ಹೊರಗೆ ಬರುತ್ತೀರಿ. ನೆಂಟರು ಬಂದಾಗ ತೋರಿಸಿ, ಆದರೆ ದನಿ ತಗ್ಗಿಸಿ. ಮೇಲೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಎದುರಾದವರಿಗೆ ಬೋಂಜೂರ್ ಹೇಳದೆ ದಾಟಬೇಡಿ.

ಇದೆಲ್ಲ ಸುಮ್ನೆ ಉಳಿದದ್ದಲ್ಲ. ಎರಡನೇ ಮಹಾಯುದ್ಧದ ನಂತರ ಈ ಮನೆಗಳು ಪಾಳುಬಿದ್ದ ಹಾಗಿದ್ದವು. ಮೇಯರ್ ಲೂಯಿ ಪ್ರಾದೆಲ್ ಇದರ ನಡುವೆ ದೊಡ್ಡ ರಸ್ತೆ ಹಾಯಿಸಲು ಹೊರಟಿದ್ದರು. ಇಲ್ಲಿನ ಜನ ಪಟ್ಟುಹಿಡಿದು ವಿರೋಧಿಸಿದರು. 1962ರಲ್ಲಿ ಮಂತ್ರಿ ಆಂದ್ರೆ ಮಾಲ್ರೋ ಹಳೇ ಬಡಾವಣೆಗಳನ್ನು ಕಾಪಾಡುವ ಕಾನೂನು ತಂದರು. 1964ರಲ್ಲಿ ಅದರಡಿ ಇಡೀ ದೇಶದಲ್ಲೇ ಮೊದಲು ರಕ್ಷಣೆ ಸಿಕ್ಕಿದ್ದು ಈ ಹಳೇ ಲಿಯೋನ್‌ಗೆ. 1998ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕಿಟಕಿ ಬದಲಿಸುವುದಕ್ಕೂ ಇಲ್ಲಿ ಅನುಮತಿ ಬೇಕು. ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ನಾನು ಮೊಳೆ ಹೊಡೆದ ಅದೇ ವರ್ಷ ತೀರ್ಥಹಳ್ಳಿ ಕಡೆಯ ನಮ್ಮ ತೊಟ್ಟಿ ಮನೆ ಕೆಡವಿದರು. "ಅಷ್ಟು ದೂರ ಇರೋಳು, ಹಳೇ ಮನೆ ಇಟ್ಕೊಂಡು ಏನ್ ಮಾಡ್ತೀಯಮ್ಮ" ಅಂದರು ಚಿಕ್ಕಪ್ಪ. ನನಗೂ ಸರಿ ಅನ್ನಿಸಿ, ಇಲ್ಲಿಂದಲೇ ಸಹಿ ಹಾಕಿ ಕಳಿಸಿದೆ. ಹಲಸಿನ ಮರದ ಕಂಬಗಳು ಯಾರ ಪಾಲಾದವೋ ಗೊತ್ತಿಲ್ಲ. ಮಗಳು ಒಂದು ದಿನ "ಅಮ್ಮ, ತೊಟ್ಟಿ ಅಂದ್ರೆ ಏನು?" ಅಂತ ಕೇಳಿದಳು. ತೋರಿಸಲು ಮನೆಯಿಲ್ಲ. ಕೈಹಿಡಿದು ಕೆಳಗಿನ ಅಂಗಳಕ್ಕೆ ಕರೆದುಕೊಂಡು ಹೋದೆ. ಮಳೆ ಬರುತ್ತಿತ್ತು. ಮೇಲೆ ಚೌಕದಷ್ಟೇ ಆಕಾಶ. "ಹೀಗೇ ಇತ್ತು. ನಡುವೆ ತುಳಸಿ ಇತ್ತು" ಅಂದೆ. ಜಾಸ್ತಿ ಹೇಳಲು ಆಗಲಿಲ್ಲ.

ಡಿಸೆಂಬರ್ 8ರ ಸಂಜೆ ಕಿಟಕಿಯಲ್ಲಿ ದೀಪ ಇಡಿ. 1852ರಿಂದ ಈ ಊರವರು ಇಡುತ್ತಾ ಬಂದಿದ್ದಾರೆ. ತೋರಣಕ್ಕೆ ಮೊಳೆ ಬೇಡ. ಬಾಗಿಲಿನ ಒಳಗಡೆ, ಪರದೆಯ ಕೋಲಿಗೆ ದಾರದಲ್ಲಿ ಕಟ್ಟಿ. ನಮ್ಮನೆಯಲ್ಲಿ ಈಗ ಹಾಗೇ. ಆ ಕಲ್ಲಿನ ಚಕ್ಕೆ ದೇವರ ಗೂಡಿನಲ್ಲಿದೆ.