2,200 ಆರ್‌ಪಿಎಂನಲ್ಲಿ ಬರುತ್ತಿದ್ದ ಝರ್ ಸದ್ದು ನಿಂತದ್ದು ಹೀಗೆ

ಕಾರು ಹೊಸದು, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. 1,400 ಕಿ.ಮೀ. ಓಡಿದ ಮೇಲೆ ಮುಂದಿನಿಂದ ಝರ್ ಅಂತ ತಗಡು ನಡುಗುವ ಸದ್ದು ಶುರುವಾಯಿತು. 2,000ದಿಂದ 2,300 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ನಡುವೆ ಮಾತ್ರ. ಚಾಮುಂಡಿ ಬೆಟ್ಟ ಹತ್ತುವಾಗ ಜಾಸ್ತಿ.

95 ಆಕ್ಟೇನ್ ಪೆಟ್ರೋಲ್ ಹಾಕಿದೆ. ಆಯಿಲ್ ಬದಲಿಸಿದೆ. ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಎಂಜಿನ್ ಮೌಂಟ್ ಬಿಗಿ ಮಾಡಿಸಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ. "ಸ್ಪೋರ್ಟ್ಸ್ ಕಾರಲ್ವಾ, ಸದ್ದು ಇದ್ದೇ ಇರುತ್ತೆ" ಅಂದರು ಸರ್ವಿಸ್‌ನವರು. ಅದನ್ನು ಒಪ್ಪಬೇಡಿ. ಒಂದೇ ಆರ್‌ಪಿಎಂನಲ್ಲಿ ಬಂದು ಹೋಗುವ ಸದ್ದು ಅಂದರೆ ಸಾಮಾನ್ಯವಾಗಿ ಯಾವುದೋ ಸಡಿಲ ಭಾಗ ಎಂಜಿನ್ ಕಂಪನಕ್ಕೆ ತಾಳ ಹಾಕುತ್ತಿದೆ ಅಂತ ಅರ್ಥ.

ಮೊದಲು ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 2,200ಕ್ಕೆ ಏರಿಸಿ. ಆಗಲೂ ಸದ್ದು ಬಂದರೆ ಟೈರು, ಸಸ್ಪೆನ್ಷನ್ ಕಾರಣವಲ್ಲ. ನನಗೆ ಬಂತು.

ರಾತ್ರಿಯಿಡೀ ಎಂಜಿನ್ ತಣ್ಣಗಾಗಲು ಬಿಟ್ಟೆ. ಬೆಳಿಗ್ಗೆ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ಸೈಲೆನ್ಸರ್ ಪೈಪನ್ನು ಮುಂದಿನಿಂದ ಹಿಂದಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲಿನ ಹೀಟ್ ಶೀಲ್ಡ್ (ಶಾಖ ತಡೆಯುವ ತಗಡು) ತಟ್ಟಿದಾಗ ಅದೇ ಝರ್. ಅದನ್ನು ಹಿಡಿದಿದ್ದ ಮೂರು ಬೋಲ್ಟಿನಲ್ಲಿ ಹಿಂದಿನದು ಕೂರುವ ತಗಡಿನ ತೂತು ಅಗಲವಾಗಿತ್ತು, ಸುತ್ತಲೂ ಉಜ್ಜಿದ ಹೊಳಪು.

10 ಎಂಎಂ ಸ್ಪ್ಯಾನರ್‌ನಲ್ಲಿ ಆ ಬೋಲ್ಟ್ ಬಿಚ್ಚಿ, 25 ಎಂಎಂ ಅಗಲದ ಸ್ಟೇನ್‌ಲೆಸ್ ವಾಷರ್ ಹಾಕಿದೆ. ಉಳಿದೆರಡನ್ನೂ ಸಡಿಲ ಮಾಡಿ, ಮೂರನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ತಗಡು ಓರೆಯಾಗಿ ಪೈಪಿಗೆ ತಾಗುತ್ತದೆ. ಶೀಲ್ಡಿಗೂ ಪೈಪಿಗೂ ನಡುವೆ ಎಲ್ಲೂ ತಾಗದಷ್ಟು ಜಾಗ ಇರಲಿ. ರಬ್ಬರ್, ಪ್ಲಾಸ್ಟಿಕ್ ಟೈ ಹಾಕಬೇಡಿ, ಶಾಖಕ್ಕೆ ಸುಟ್ಟೋ ಕರಗಿಯೋ ಹೋಗುತ್ತವೆ.

ಬೆಟ್ಟ ಎರಡು ಸಲ ಹತ್ತಿಳಿದ ಮೇಲೆ, ತಣ್ಣಗಾದಾಗ ಮತ್ತೊಮ್ಮೆ ಬಿಗಿ ನೋಡಿದೆ. ಹಿಂದಿನ ಬೋಲ್ಟ್ ಕಾಲು ಸುತ್ತು ತಿರುಗಿತು. ಆಮೇಲೆ 3,000 ಕಿ.ಮೀ. ಆಯಿತು, ಸದ್ದಿಲ್ಲ.