ಟ್ರ್ಯಾಕ್ಟರಿನ ಹಿಂದಿನ ಗಾಜಿಗೊಂದು ಜಾಲರಿ: ಎರಡು ಸಲ ಮಾಡಿ ಕಲಿತಿದ್ದು

ನಾನು ವರ್ಷಗಟ್ಟಲೆ ಹೆದರಿದ್ದು ಕಲ್ಲಿಗೆ. ಗಾಜು ಒಡೆದಿದ್ದು ಮಾತ್ರ ಹೆಬ್ಬೆರಳು ದಪ್ಪದ ಒಂದು ಒಣಕೊಂಬೆ.

ಟ್ರ್ಯಾಕ್ಟರಿನ ಹಿಂದೆ ಸ್ಲ್ಯಾಷರ್, ಅಂದರೆ ಬ್ಲೇಡು ತಿರುಗಿಸಿ ಪೊದೆ ಕತ್ತರಿಸುವ ಯಂತ್ರ, ಕಟ್ಟಿಕೊಂಡು ಕುರುಚಲು ಸವರುತ್ತಿದ್ದೆ. ಪೊದೆ ಎತ್ತರವಾಗಿದ್ದರೆ ನಾನು ಮುಂದಕ್ಕೆ ನುಗ್ಗುವುದಿಲ್ಲ, ರಿವರ್ಸ್‌ನಲ್ಲಿ ಸ್ವಲ್ಪ ಸ್ವಲ್ಪ ಒಳಗೆ ಹೋಗಿ ವಾಪಸ್ ಬರುತ್ತೇನೆ, ಯಾಕೆಂದರೆ ಹಾಗೆ ಮಾಡಿದರೆ ರೇಡಿಯೇಟರು, ಹೋಸು, ಟೈರು ಎಲ್ಲ ಆಗಲೇ ಸವರಿದ ಜಾಗದಲ್ಲೇ ಉಳಿಯುತ್ತವೆ, ಮುಳ್ಳು ಮೋಟು ಏನಿದ್ದರೂ ಮೊದಲು ಸ್ಲ್ಯಾಷರಿಗೆ ಸಿಗುತ್ತದೆ. ತೊಂದರೆ ಏನೆಂದರೆ ಬುಡ ಕತ್ತರಿಸುವ ಮೊದಲೇ ಗಿಡದ ತಲೆ ಡೆಕ್ (ಬ್ಲೇಡಿನ ಮೇಲಿನ ಕಬ್ಬಿಣದ ಮುಚ್ಚಳ) ಮೇಲಿಂದ ಬಾಗಿ ಕ್ಯಾಬಿನ್ ಕಡೆ ಬರುತ್ತದೆ. ಅವತ್ತು ಆಗಿದ್ದೂ ಅದೇ. ಕೊಂಬೆಯ ಚೂಪು ತುದಿ ಗಾಜಿನ ಮೂಲೆಗೆ ತಾಗಿತು ಅಷ್ಟೇ, ಇಡೀ ಗಾಜು ಒಂದೇ ಸಲಕ್ಕೆ ಕಾಳು ಕಾಳಾಗಿ ಬೆನ್ನ ಮೇಲೆ ಸುರಿಯಿತು. ಅದು ಟೆಂಪರ್ಡ್ ಗಾಜು, ಒಡೆದರೆ ಚೂರಿಯಂಥ ತುಂಡಾಗುವುದಿಲ್ಲ, ಅದೊಂದು ಪುಣ್ಯ. ಆದರೆ ಒಡೆದ ಮೇಲೆ ಒಂದು ಇಂಚು ಗಾಜೂ ಅಲ್ಲಿ ಉಳಿಯುವುದಿಲ್ಲ.

ಹಾಗಂತ ಕಲ್ಲಿನ ಭಯ ಸುಳ್ಳೇನಲ್ಲ. ಪಿಟಿಒ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ತಿರುಗು ದಂಡ, ನಿಮಿಷಕ್ಕೆ 540 ಸುತ್ತು ತಿರುಗಿದರೆ ನನ್ನ ಸ್ಲ್ಯಾಷರಿನ ಗೇರ್‌ಬಾಕ್ಸ್ ಅದನ್ನು ಸುಮಾರು 1000 ಮಾಡುತ್ತದೆ. ಬ್ಲೇಡು ತಿರುಗುವ ಅಗಲ 1.5 ಮೀಟರ್. ಲೆಕ್ಕ ಹಾಕಿ ನೋಡಿ, ಬ್ಲೇಡಿನ ತುದಿ ಸೆಕೆಂಡಿಗೆ 78 ಮೀಟರ್ ಓಡುತ್ತಿರುತ್ತದೆ, ಅಂದರೆ ಗಂಟೆಗೆ 280 ಕಿಲೋಮೀಟರ್. ಆ ವೇಗದಲ್ಲಿ ಹೊರಟ ಕಲ್ಲಿಗೆ ಗಾಜು ಯಾವ ಲೆಕ್ಕ? ಅದಕ್ಕೇ ಮೊದಲ ರಕ್ಷಣೆ ಸ್ಲ್ಯಾಷರಿನ ಸುತ್ತ ನೇತಾಡುವ ಚೈನುಗಳು. ನನ್ನದರಲ್ಲಿ ಮುಂದಿನ ಸಾಲಿನ ಐದಾರು ಚೈನು ಕಿತ್ತುಹೋಗಿದ್ದವು, ನಾನು ನೋಡಿಯೂ ನೋಡದ ಹಾಗೆ ಇದ್ದೆ. ಜಾಲರಿ ಮಾಡುವ ಮೊದಲು ಅವನ್ನು ಹಾಕಿದೆ. ಚೈನು ಇಲ್ಲದೆ ಜಾಲರಿ ಕಟ್ಟುವುದು ಸೂರು ಸೋರುತ್ತಿರುವಾಗ ನೆಲ ಒರೆಸಿದ ಹಾಗೆ.

ಮೊದಲ ಜಾಲರಿ ಅರ್ಧ ದಿನದಲ್ಲಿ ಆಯಿತು. ಮನೆಯಲ್ಲಿ ಬಿದ್ದಿದ್ದ ಸತುವಿನ ಲೇಪದ ವೆಲ್ಡ್ ಮೆಶ್, 50 ಮಿಮೀ ಚೌಕ, ತೆಳ್ಳನೆ ತಂತಿ. ಸುತ್ತ ಪಟ್ಟಿಯ ಚೌಕಟ್ಟು ಮಾಡಿ ನಾಲ್ಕು ಮೂಲೆಗೆ ಬೋಲ್ಟ್ ಬಿಗಿದೆ. ನೋಡಲಿಕ್ಕೆ ಗಟ್ಟಿಯಾಗೇ ಇತ್ತು. ಒಂದು ವಾರದಲ್ಲಿ ಬೇಜಾರಾಯಿತು. ಬಿಸಿಲು ಬಿದ್ದರೆ ಹೊಳೆಯುವ ತಂತಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೊಂಬೆ 50 ಮಿಮೀ ಕಿಂಡಿಯಲ್ಲಿ ಆರಾಮಾಗಿ ತೂರಿ ಬರುತ್ತಿತ್ತು. ಜಾಲರಿ ಗಾಜಿಗೆ ಮೂರು ಬೆರಳು ದೂರದಲ್ಲಿದ್ದುದರಿಂದ ಗಾಜನ್ನು ಹೊರಕ್ಕೆ ತೆರೆಯಲು ಆಗುತ್ತಿರಲಿಲ್ಲ, ಧೂಳು ಒರೆಸಬೇಕಾದರೆ ನಾಲ್ಕು ಬೋಲ್ಟ್ ಬಿಚ್ಚಬೇಕು.

ಇದೆಲ್ಲ ಸಹಿಸಿಕೊಳ್ಳಬಹುದಿತ್ತೇನೋ. ಆದರೆ ಒಂದು ದಿನ ಪೊದೆಯೊಳಗೆ ಹಿಂದಕ್ಕೆ ಹೋದಾಗ ಚಕ್ರ ಒಂದು ಹಳ್ಳಕ್ಕೆ ಇಳಿದು ಗಾಡಿ ವಾಲಿ ನಿಂತಿತು. ಎಡಬಾಗಿಲಿಗೆ ಮರದ ಬೊಡ್ಡೆ, ಬಲಬಾಗಿಲಿಗೆ ಎದೆಮಟ್ಟದ ಮುಳ್ಳುಕಂಟಿ. ಏನೂ ಅನಾಹುತ ಆಗಲಿಲ್ಲ, ಮುಂದಕ್ಕೆ ತೆಗೆದುಕೊಂಡು ಬಂದೆ. ಬಂದ ಮೇಲೆ ಎಂಜಿನ್ ಆಫ್ ಮಾಡಿ ಸುಮ್ನೆ ಕೂತಾಗ ಹೊಳೆಯಿತು: ಎರಡೂ ಬಾಗಿಲು ಸಿಕ್ಕಿಕೊಂಡರೆ ನನಗಿದ್ದ ಮೂರನೆಯ ದಾರಿ ಹಿಂದಿನ ಗಾಜು, ಅದಕ್ಕೆ ನಾನೇ ಕೈಯಾರೆ ಬೇಲಿ ಹಾಕಿದ್ದೇನೆ. ಅವತ್ತು ಸಂಜೆಯೇ ಬಿಚ್ಚಿ ಬಿಸಾಡಿದೆ.

ಎರಡನೆಯದಕ್ಕೆ ಮೊದಲು ಕಬ್ಬಿಣ ಮುಟ್ಟಲಿಲ್ಲ, ದೊಡ್ಡ ರಟ್ಟು ತಂದೆ. ಗಾಜಿನ ಆಕಾರಕ್ಕೆ ಕತ್ತರಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ಟೇಪಿನಿಂದ ನಿಲ್ಲಿಸಿ, ಸ್ಲ್ಯಾಷರನ್ನು ಪೂರ್ತಿ ಮೇಲಕ್ಕೆ ಎತ್ತಿಸಿದೆ. ಇದು ಮಾಡಲೇಬೇಕು. ನೆಲದಲ್ಲಿದ್ದಾಗ ದೂರ ಕಾಣುವ ಟಾಪ್ ಲಿಂಕು (ಸ್ಲ್ಯಾಷರನ್ನು ಟ್ರ್ಯಾಕ್ಟರಿಗೆ ಹಿಡಿಯುವ ಮೇಲಿನ ಸಲಾಕೆ), ಡೆಕ್ಕಿನ ಅಂಚು ಎತ್ತಿದಾಗ ಎಷ್ಟು ಹತ್ತಿರ ಬರುತ್ತವೆ ಅಂತ ಕಣ್ಣಾರೆ ನೋಡದೆ ನಂಬಲಾಗುವುದಿಲ್ಲ. ನನ್ನ ರಟ್ಟಿನ ಕೆಳಮೂಲೆ ಮಡಿಸಿಹೋಯಿತು, ಅಷ್ಟು ಮೇಲಕ್ಕೆ ಕತ್ತರಿಸಿದೆ. ಆಮೇಲೆ ಸೀಟಿನಲ್ಲಿ ಕೂತು ಕೆಲಸ ಮಾಡುವಾಗ ನಾನು ನಿಜವಾಗಿ ಏನನ್ನು ನೋಡುತ್ತೇನೆ ಅಂತ ಗುರುತು ಮಾಡಿಕೊಂಡೆ: ಡೆಕ್ಕಿನ ಎರಡು ಹಿಂಬದಿ ಮೂಲೆ, ಪಿಟಿಒ ಶಾಫ್ಟು, ಕೊಂಡಿ ಹಾಕುವ ಜಾಗ. ಅಡ್ಡಪಟ್ಟಿ ಯಾವುದೂ ಈ ಗೆರೆಗಳ ಮೇಲೆ ಬರಬಾರದು. ಗಾಜಿನ ಹಿಡಿಕೆ ಇರುವ ಎತ್ತರದಲ್ಲಿ ಹೇಗೂ ಏನೂ ಕಾಣುವುದಿಲ್ಲ, ಇದ್ದ ಒಂದೇ ಅಡ್ಡಪಟ್ಟಿ ಅಲ್ಲಿಗೆ ಹೋಯಿತು.

ಚೌಕಟ್ಟಿಗೆ 25 ಮಿಮೀ ಚೌಕ ಪೈಪು, 2 ಮಿಮೀ ದಪ್ಪದ್ದು. ಜಾಲರಿಗೆ ಈ ಸಲ ಎಕ್ಸ್‌ಪ್ಯಾಂಡೆಡ್ ಮೆಟಲ್, ಅಂದರೆ ತಗಡನ್ನು ಸೀಳಿ ಎಳೆದು ಮಾಡಿದ ಹರಳಿನಾಕಾರದ ಕಿಂಡಿಯದು. ತಂತಿ ಹೆಣೆದದ್ದಲ್ಲ, ಬೆಸುಗೆ ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಇದರಲ್ಲೊಂದು ಗುಟ್ಟಿದೆ. ಇದರ ಎಳೆಗಳು ಕಿಟಕಿಯ ಓರೆ ಪಟ್ಟಿಗಳ ಹಾಗೆ ಒಂದು ಕಡೆಗೆ ವಾಲಿರುತ್ತವೆ. ಒಂದು ರೀತಿ ಹಿಡಿದರೆ ಆ ಕಡೆಯದೆಲ್ಲ ಕಾಣುತ್ತದೆ, ತಲೆಕೆಳಗು ಮಾಡಿದರೆ ಗೋಡೆ. ನಾನು ಒಂದು ತುಂಡನ್ನು ಕೈಯಲ್ಲಿ ಹಿಡಿದು ಸೀಟಿನಲ್ಲಿ ಕೂತು, ಕೆಳಗೆ ಸ್ಲ್ಯಾಷರ್ ಕಡೆ ನೋಡುತ್ತಾ ನಾಲ್ಕೂ ಬಗೆಯಲ್ಲಿ ತಿರುಗಿಸಿ, ಚೆನ್ನಾಗಿ ಕಂಡದ್ದಕ್ಕೆ ಸೀಮೆಸುಣ್ಣದಲ್ಲಿ ಬಾಣ ಬರೆದೆ. ಆ ಬಾಣ ಇಲ್ಲದಿದ್ದರೆ ವೆಲ್ಡಿಂಗ್ ಮಾಡುವಾಗ ಖಂಡಿತ ಉಲ್ಟಾ ಹಾಕುತ್ತಿದ್ದೆ.

ವೆಲ್ಡಿಂಗ್ ಎಲ್ಲ ನೆಲದ ಮೇಲೆ, ಟ್ರ್ಯಾಕ್ಟರಿನಿಂದ ದೂರದಲ್ಲಿ. ಜಾಲರಿಯನ್ನು ಒಂದು ತುದಿಯಿಂದ ಸಾಲಾಗಿ ಬೆಸೆಯುತ್ತಾ ಹೋದರೆ ಬಿಸಿಗೆ ಎಳೆದುಕೊಂಡು ಚೌಕಟ್ಟು ತಿರುಚಿಕೊಳ್ಳುತ್ತದೆ, ಹಾಗಾಗಿ ಎದುರುಬದುರು ಒಂದೊಂದು ಚುಕ್ಕೆ ಹಾಕುತ್ತಾ ಬಂದೆ. ಸತುವಿನ ಲೇಪ ಇರುವ ಕಬ್ಬಿಣವಾದರೆ ಬೆಸೆಯುವ ಜಾಗದಲ್ಲಿ ಉಜ್ಜಿ ತೆಗೆಯಬೇಕು, ಆ ಹೊಗೆ ಕುಡಿದರೆ ಚಳಿಜ್ವರ ಬಂದ ಹಾಗೆ ಆಗುತ್ತದೆ.

ಕ್ಯಾಬಿನ್ನಿನ ಕಂಬಗಳಿಗೆ ಮಾತ್ರ ವೆಲ್ಡಿಂಗೂ ಇಲ್ಲ, ತೂತೂ ಇಲ್ಲ. ಗಾಡಿ ಮಗುಚಿದರೆ ನಮ್ಮನ್ನು ಕಾಯುವುದು ಆ ಕಂಬಗಳು. ಎಷ್ಟು ಬಾಗಬೇಕು, ಎಷ್ಟು ತಡೆಯಬೇಕು ಅಂತ ಪರೀಕ್ಷೆ ಮಾಡಿಯೇ ಅವನ್ನು ಮಾಡಿರುತ್ತಾರೆ, ನಾವು ಕಾಯಿಸಿದರೆ ಅಥವಾ ಕೊರೆದರೆ ಆ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ. ನಾನು ಮಡ್‌ಗಾರ್ಡಿನ ಮತ್ತು ಹಿಂದಿನ ಲೈಟಿನ ಬೋಲ್ಟುಗಳ ಜಾಗವನ್ನೇ ಬಳಸಿದೆ. ಉದ್ದದ ಬೋಲ್ಟ್ ಹಾಕಿ, 6 ಮಿಮೀ ದಪ್ಪದ ಪಟ್ಟಿಯ ಕಾಲುಗಳನ್ನು ಅಲ್ಲಿಂದ ಎಬ್ಬಿಸಿದೆ. ನಡುವೆ ಹಳೇ ಟ್ಯೂಬಿನ ರಬ್ಬರ್, ನೈಲಾನ್ ಬಳೆ ಇರುವ ನಟ್ಟು. ಮಾಮೂಲಿ ನಟ್ಟು ಈ ನಡುಕಕ್ಕೆ ಎರಡು ದಿನವೂ ತಡೆಯಲ್ಲ.

ಗಾಜಿಗೂ ಜಾಲರಿಗೂ ನಡುವೆ 15 ಸೆಂಮೀ ಬಿಟ್ಟೆ. ಏಟು ಬಿದ್ದಾಗ ಜಾಲರಿ ಬಾಗಿದರೂ ಗಾಜಿಗೆ ತಾಗಬಾರದು, ಅದೊಂದು. ಇನ್ನೊಂದು, ಅಷ್ಟು ಜಾಗ ಇದ್ದರೆ ಗಾಜನ್ನು ಒಳಗಿಂದ ಸ್ವಲ್ಪ ತಳ್ಳಿ ಸಂದಿಯಲ್ಲಿ ಕೈ ಹಾಕಬಹುದು. ಜಾಲರಿ ಈಗ ಬಾಗಿಲ ಹಾಗೆ ಎಡಗಡೆ ಕೀಲಿನ ಮೇಲೆ ನಿಂತಿದೆ, ಬಲಗಡೆ ಸ್ಪ್ರಿಂಗ್ ಇರುವ ಪಿನ್ನು, ಅದಕ್ಕೊಂದು ಕೇಬಲ್ಲು. ಗಾಜು ತಳ್ಳಿ ಕೇಬಲ್ ಎಳೆದರೆ ಜಾಲರಿ ತೆರೆಯುತ್ತದೆ, ಸ್ಪ್ಯಾನರ್ ಬೇಡ, ಎರಡನೇ ಕೈ ಬೇಡ. ಮೊದಲು ಕೀಲನ್ನು ಮೇಲ್ಗಡೆ ಇಡೋಣ ಅಂತಿದ್ದೆ, ಆದರೆ 12 ಕೆಜಿ ಜಾಲರಿಯನ್ನು ಗಾಜಿನ ಜೊತೆ ಮೇಲೆತ್ತಿ ಹಿಡಿದು ಅದರ ಕೆಳಗೆ ನುಸುಳುವುದು ಆಗದ ಮಾತು.

ಬಣ್ಣ ಪೂರ್ತಿ ಹೊಳಪಿಲ್ಲದ ಕಪ್ಪು. ಇದರಿಂದ ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ನಾನೇ ಅಂದುಕೊಂಡಿರಲಿಲ್ಲ. ಬೆಳಕು ವಾಪಸ್ ಬರದಿದ್ದರೆ ಕಣ್ಣು ಎಳೆಗಳನ್ನು ಬಿಟ್ಟು ಆಚೆ ಹೋಗಿ ನಿಲ್ಲುತ್ತದೆ, ಅರ್ಧ ಗಂಟೆಯಲ್ಲಿ ಜಾಲರಿ ಇದೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಹಿಂದಿನ ಲೈಟುಗಳನ್ನು ಜಾಲರಿಯ ಒಳಗಡೆ ಬಿಟ್ಟಿದ್ದೆ. ಕತ್ತಲಾದಾಗ ಅಷ್ಟೂ ಬೆಳಕು ಜಾಲರಿಗೇ ಹೊಡೆದು ಎದುರಿಗೊಂದು ಬೂದು ಪರದೆ ಎದ್ದಿತು. ಮಾರನೇ ದಿನ ಚೌಕಟ್ಟಿನ ಹೊರಗೆ ಸಾಗಿಸಿದೆ.

ಕಿಂಡಿಗಿಂತ ಸಣ್ಣ ಕಲ್ಲು ಬಂದೇ ಬರುತ್ತದಲ್ವಾ? ಅದಕ್ಕೆ ಕೆಳಗಿನ ಅರ್ಧಕ್ಕೆ ಒಳಬದಿಯಿಂದ 5 ಮಿಮೀ ಪಾಲಿಕಾರ್ಬೊನೇಟ್ ಹಾಳೆ, ಅಂದರೆ ಗಾಜಿನಂತೆ ಆಚೆ ಕಾಣುವ ಗಟ್ಟಿ ಪ್ಲಾಸ್ಟಿಕ್, ಹಾಕಿದೆ. ಅಕ್ರಿಲಿಕ್ ಬೇಡ, ನೋಡಲು ಒಂದೇ ಥರ ಇದ್ದರೂ ಅದು ಏಟಿಗೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಬಿಸಿಲಿಗೆ ಹಿಗ್ಗುತ್ತದೆ, 1 ಮೀಟರ್ ಹಾಳೆ 40 ಡಿಗ್ರಿ ಏರಿದರೆ ಸುಮಾರು 2.5 ಮಿಮೀ, ಹಾಗಾಗಿ ಬೋಲ್ಟಿಗಿಂತ 3 ಮಿಮೀ ದೊಡ್ಡ ತೂತು ಕೊರೆದು ಅಗಲ ವಾಷರ್ ಕೊಟ್ಟು, ಅಲುಗುವಷ್ಟೇ ಬಿಗಿದೆ. ಥಿನ್ನರ್, ಪೆಟ್ರೋಲ್ ಹಾಕಿ ಒರೆಸಿದರೆ ಮುಗಿಯಿತು, ಸಣ್ಣ ಬಿರುಕು ಏಳುತ್ತದೆ. ಒಣ ಬಟ್ಟೆಯೂ ಬೇಡ, ಧೂಳೇ ಗೀರುತ್ತದೆ. ಸೋಪಿನ ನೀರು ಸುರಿದು ಆಮೇಲೆ ಮೆತ್ತನೆ ಬಟ್ಟೆ. ಇಷ್ಟೆಲ್ಲ ಮಾಡಿದರೂ ನನ್ನದು ಆಗಲೇ ಮಸುಕಾಗಿದೆ, ಕೊಂಡಿ ಹಾಕುವಾಗ ಜಾಲರಿ ತೆರೆದೇ ನೋಡುತ್ತೇನೆ. ಹಾಳೆಯ ಕೆಳಗೆ ನಾಲ್ಕು ಬೆರಳು ಸಂದಿ ಬಿಡಿ, ಇಲ್ಲದಿದ್ದರೆ ಒಣ ಎಲೆ ತುಂಬಿ ಗೊಬ್ಬರದ ಗುಂಡಿ ಆಗುತ್ತದೆ.

ಇಲ್ಲಿಯವರೆಗೆ ದೊಡ್ಡ ಏಟು ಬಿದ್ದಿದ್ದು ಒಂದೇ. ಒಂದು ಮೋಟು ಎಗರಿ ಜಾಲರಿಯ ನಡುವೆ ಬಡಿಯಿತು, ಅಂಗೈಯಗಲ ಜಾಗ ಎರಡು ಬೆರಳಷ್ಟು ಒಳಗೆ ಬಾಗಿದೆ, ಗಾಜಿಗೆ ಏನೂ ಆಗಲಿಲ್ಲ. ಆದರೆ ಇದನ್ನು ನಂಬಿ ದೊಡ್ಡ ಮರದ ಕೆಲಸಕ್ಕೆ ಇಳಿಯಬೇಡಿ. ಕಾಡುಗೆಲಸದ ಯಂತ್ರಗಳ ರಕ್ಷಣಾ ಚೌಕಟ್ಟಿಗೆ ಐಎಸ್‌ಒ 8084 ಅಂತ ಪರೀಕ್ಷೆಯ ಮಾನದಂಡವೇ ಇದೆ. ನನ್ನದು ಯಾವ ಪರೀಕ್ಷೆಯನ್ನೂ ಕಂಡಿಲ್ಲ, ಕುರುಚಲಿಗೆ ಸಾಕು ಅಂತ ಮಾಡಿದ್ದು. ಜಾಲರಿ ಕಾಯುವುದು ಒಳಗೆ ಕೂತವನನ್ನು ಮಾತ್ರ. ಸುತ್ತ 100 ಮೀಟರ್ ಒಳಗೆ ಯಾರಾದರೂ ಕಂಡರೆ ಪಿಟಿಒ ಬಂದ್ ಮಾಡುತ್ತೇನೆ.

ಇನ್ನೂ ಸರಿಹೋಗದ ಒಂದು ಕೆಲಸ ಆ ಸ್ಪ್ರಿಂಗ್ ಪಿನ್ನಿನದು. ಧೂಳು ಕೂತು ಬಿಗಿಯುತ್ತದೆ, ಗ್ರೀಸ್ ಹಚ್ಚಿದರೆ ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಸದ್ಯಕ್ಕೆ ಒಣ ಗ್ರಾಫೈಟ್ ಪುಡಿ ಹಾಕಿ ನೋಡುತ್ತಿದ್ದೇನೆ. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಸೀಟಿನಲ್ಲಿ ಕೂತೇ ಗಾಜು ತಳ್ಳಿ ಕೇಬಲ್ ಒಂದು ಸಲ ಎಳೆಯುತ್ತೇನೆ. ಒಂದೇ ಎಳೆತಕ್ಕೆ ಬಿಟ್ಟುಕೊಳ್ಳದಿದ್ದರೆ ಇಳಿದು ಅದನ್ನು ಸರಿಮಾಡಿಯೇ ಹೊರಡುವುದು.